ರೇಷ್ಮೆ ಹೊದಿಸಿದ ಪೆಟ್ಟಿಗೆ

ಕಪಿಲೆಯ ದಂಡೆಯಲ್ಲಿ ನಿರ್ವಾಣಯ್ಯನವರ ಆಶ್ರಮ. ಹೆಂಚಿನ ಸೂರು, ಮಣ್ಣಿನ ಅಂಗಳ, ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲು. ಆಸ್ತಿ ಎಂದು ಹೇಳಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ.

ಒಂದು ಧ್ವನಿ ಮಾತ್ರ ಇತ್ತು.

ಅದು ನಿರ್ವಾಣಯ್ಯನವರ ಗುರುಗಳದು. ಅವರನ್ನು ಎಲ್ಲರೂ ದೊಡ್ಡ ಬುದ್ಧಿಯವರು ಎನ್ನುತ್ತಿದ್ದರು. ಅವರು ಲಿಂಗೈಕ್ಯರಾಗಿ ಬಹಳ ವರ್ಷವಾಗಿತ್ತು. ಅವರ ಮಾತುಗಳನ್ನು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದರು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಅವುಗಳಲ್ಲಿ ಒಂದನ್ನು ಎಲ್ಲರೂ ಕೂತು ಕೇಳುವುದು ವಾಡಿಕೆ.

ಕ್ಯಾಸೆಟ್ಟುಗಳು ಸವೆಯುತ್ತ ಬಂದವು. ಶಿಷ್ಯ ಪಂಚಾಕ್ಷರಿ ಪಟ್ಟಣದಲ್ಲಿ ಕಂಪ್ಯೂಟರ್ ಓದಿ ಬಂದವನು. ದೊಡ್ಡ ಬುದ್ಧಿಯವರನ್ನು ಕಣ್ಣಾರೆ ಕಂಡವನಲ್ಲ. ಆ ಧ್ವನಿಯನ್ನು ಉಳಿಸುವ ಕೆಲಸವನ್ನು ತಾನಾಗಿಯೇ ಕೇಳಿ ಪಡೆದ.

ಅವನು ಒಂದು ಕಪ್ಪು ಪೆಟ್ಟಿಗೆ ತರಿಸಿದ. ಅದರೊಳಗೆ ಎರಡು ಹಾರ್ಡ್ ಡಿಸ್ಕ್. ಒಂದರಲ್ಲಿ ಬರೆದದ್ದನ್ನು ಪೆಟ್ಟಿಗೆಯೇ ಇನ್ನೊಂದರಲ್ಲೂ ಬರೆದುಕೊಳ್ಳುತ್ತಿತ್ತು. ವೈಫೈ ಇದ್ದರೆ ಸಾಕು, ಪ್ರಾರ್ಥನೆಯ ಪಡಸಾಲೆಯ ಸ್ಪೀಕರಿನಲ್ಲೂ ಅಡುಗೆಮನೆಯ ಫೋನಿನಲ್ಲೂ ಬೇಕಾದ ಮಾತನ್ನು ಹೆಸರು ಮುಟ್ಟಿ ಕೇಳಬಹುದಾಗಿತ್ತು.

ಎಲ್ಲವನ್ನೂ ಪೆಟ್ಟಿಗೆಗೆ ಇಳಿಸಿದ ಮೇಲೆ ಪಂಚಾಕ್ಷರಿ ಕ್ಯಾಸೆಟ್ಟುಗಳನ್ನು ಬಿದಿರಿನ ಬುಟ್ಟಿಗೆ ತುಂಬಿ, ಮೇಲೆ ಬಿಲ್ವಪತ್ರೆ ಇಟ್ಟು, ಹೊಳೆಗೆ ಹೊರಟ. ಹರಿದ ಪುಸ್ತಕ, ಒಡೆದ ಪಟ, ಸವೆದ ಪಾದುಕೆ, ಪೂಜ್ಯವಾದದ್ದು ಯಾವುದು ಹಳತಾದರೂ ಹೊಳೆಗೆ ಬಿಡುವುದು ಅಲ್ಲಿಯ ಪದ್ಧತಿ.

ನಿರ್ವಾಣಯ್ಯನವರು ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದರು.

“ಬುಟ್ಟೀಲಿ ಏನಪ್ಪಾ?”

“ದೊಡ್ಡ ಬುದ್ಧಿಯವರ ಕ್ಯಾಸೆಟ್ಟು, ಬುದ್ಧಿ. ಎಲ್ಲಾ ಪೆಟ್ಟಿಗೆಗೆ ಇಳಿಸಿ ಆಯ್ತು.”

“ಇಳಿಸಿದ್ದನ್ನ ಕೇಳಿ ನೋಡಿದೆಯಾ?”

ಪಂಚಾಕ್ಷರಿಗೆ ಆಶ್ಚರ್ಯವಾಯಿತು.

“ನಾನು ಹೇಗೆ ಕೇಳಲಿ? ಎಡೆ ಇಡೋಕೆ ಮುಂಚೆ ರುಚಿ ನೋಡಬಾರದಲ್ವೇ?”

ಗುರುಗಳು ಕಾವಿಯ ಪಂಚೆಯನ್ನು ಹಿಂಡಿದರು.

“ಬುಟ್ಟಿ ಒಂದೆರಡು ದಿನ ಇಲ್ಲೇ ಇದ್ದರೆ ಆಗಲ್ವಾ?”

“ಇವತ್ತು ಸೋಮವಾರ, ಬುದ್ಧಿ. ಒಳ್ಳೇ ದಿನ.”

“ಹಾಗಾದ್ರೆ ಬಿಡು.”

ಬಿಟ್ಟ. ಬುಟ್ಟಿ ಸ್ವಲ್ಪ ದೂರ ತೇಲಿ, ವಾಲಿ, ಮುಳುಗಿತು.

ಪೆಟ್ಟಿಗೆಯನ್ನು ಎಲ್ಲಿಡಬೇಕು ಎಂದು ಪಂಚಾಕ್ಷರಿ ಯಾರನ್ನೂ ಕೇಳಲಿಲ್ಲ. ದೊಡ್ಡ ಬುದ್ಧಿಯವರ ಧ್ವನಿ ದೊಡ್ಡ ಬುದ್ಧಿಯವರ ಗದ್ದುಗೆಯ ಕೋಣೆಯಲ್ಲಿ ಅಲ್ಲದೆ ಇನ್ನೆಲ್ಲಿ ಇರಬೇಕು? ಗದ್ದುಗೆಯ ಪಕ್ಕದಲ್ಲಿ ಮಣೆ ಹಾಕಿ ಇಟ್ಟ. ರೇಷ್ಮೆಯ ಶಲ್ಯ ಹೊದಿಸಿದ. ವಿಭೂತಿ ಹಚ್ಚಿದ. ದಿನವೂ ಬೆಳಿಗ್ಗೆ ಪಡಸಾಲೆಯ ಸ್ಪೀಕರಿನಲ್ಲಿ ಮಾತು ಶುರುಮಾಡಿಸಿ, ತಾನು ಕೋಣೆಗೆ ಹೋಗಿ ಪೆಟ್ಟಿಗೆಗೆ ಧೂಪ ಹಾಕಿ ಆರತಿ ಎತ್ತುತ್ತಿದ್ದ. ಉಳಿದವರು ಕೇಳುತ್ತಿದ್ದರು.

ಅಡುಗೆಯ ಚೆನ್ನಾಜಮ್ಮ ದೊಡ್ಡ ಬುದ್ಧಿಯವರ ಕಾಲದಿಂದಲೂ ಅಲ್ಲಿದ್ದವರು. ಅವರು ಒಮ್ಮೆ ಗದ್ದುಗೆಯ ಕೋಣೆಗೆ ಇಣುಕಿ ಪಂಚಾಕ್ಷರಿಗೆ ಹೇಳಿದರು:

“ಮರಿದೇವ್ರೇ, ನಿಮ್ಮ ಪೆಟ್ಟಿಗೆಗೆ ರೇಷ್ಮೆ, ನನಗೆ ನೂಲಿನ ಸೀರೆ. ಮುಂದಿನ ಜನ್ಮಕ್ಕೆ ಪೆಟ್ಟಿಗೆಯಾಗಿ ಹುಟ್ಟಬೇಕು ನಾನು.”

ಪೆಟ್ಟಿಗೆಯಲ್ಲಿದ್ದ ಮಾತುಗಳಲ್ಲಿ ಒಂದನ್ನು ಮಾತ್ರ ಪಂಚಾಕ್ಷರಿ ಯಾವ ಬೆಳಿಗ್ಗೆಯೂ ಹಾಕಿರಲಿಲ್ಲ. ಅದು ದೊಡ್ಡ ಬುದ್ಧಿಯವರು ತೀರಿಕೊಂಡ ದಿನದ ಕ್ಯಾಸೆಟ್ಟು. ಅದರ ಮೇಲೆ ತಾರೀಖು ಬಿಟ್ಟು ಬೇರೇನೂ ಇರಲಿಲ್ಲ. ‘ಕೊನೆಯ ನುಡಿ’ ಎಂದು ಅದಕ್ಕೆ ಹೆಸರಿಟ್ಟವನು ಪಂಚಾಕ್ಷರಿಯೇ. ಈ ಸಲದ ಪುಣ್ಯಾರಾಧನೆಯ ದಿನ ಅದನ್ನು ಎಲ್ಲರಿಗೂ ಕೇಳಿಸುತ್ತೇನೆಂದು ಭಕ್ತರಿಗೆಲ್ಲ ಹೇಳಿಬಿಟ್ಟಿದ್ದ.

ಪುಣ್ಯಾರಾಧನೆಗೆ ಕೆಲವೇ ದಿನ ಉಳಿದಿತ್ತು. ಒಂದು ಬೆಳಿಗ್ಗೆ ಸ್ಪೀಕರು ಮಾತಾಡಲಿಲ್ಲ.

“ಏನು ಮರಿದೇವ್ರೇ, ದೊಡ್ಡ ಬುದ್ಧಿಯವರು ಇವತ್ತು ಮೌನವ್ರತಾನಾ?” ಎಂದರು ಚೆನ್ನಾಜಮ್ಮ.

ಪಂಚಾಕ್ಷರಿ ಫೋನನ್ನು ಮುಟ್ಟಿದ. ಹೆಸರುಗಳೆಲ್ಲ ಇದ್ದವು. ಯಾವ ಹೆಸರನ್ನು ಮುಟ್ಟಿದರೂ ಧ್ವನಿ ಬರಲಿಲ್ಲ. ಅವನು ಗುರುಗಳ ಬಳಿಗೆ ಓಡಿದ.

“ಬುದ್ಧಿ, ಪೆಟ್ಟಿಗೆ ಕೆಟ್ಟುಹೋಯ್ತು.”

“ಪೆಟ್ಟಿಗೆ ಹಾಗಂತ ಹೇಳಿತಾ?”

“ಏನೋ ಕೆಂಪಕ್ಷರದಲ್ಲಿ ಬಂತು.”

“ಏನಂತ ಬಂತು?”

“ಓದಲಿಲ್ಲ. ಗಾಬರಿಯಾಯ್ತು, ಮುಚ್ಚಿಬಿಟ್ಟೆ.”

“ಬಾಗಿಲಿಗೆ ಬಂದವರು ಬಾಯಿ ತೆರೆದ ಕೂಡಲೇ ಕದ ಹಾಕ್ತೀಯಾ?”

“ಇಲ್ಲ, ಬುದ್ಧಿ.”

“ಹೋಗಿ ಓದಿಕೊಂಡು ಬಾ.”

ಪಂಚಾಕ್ಷರಿ ಹೋದ. ಆದರೆ ಹೋಗುವ ದಾರಿಯಲ್ಲೇ ಅವನಿಗೆ ಹತ್ತು ಉಪಾಯ ಹೊಳೆದವು. ಗುರುಗಳಿಗೆ ಕಂಪ್ಯೂಟರ್ ಏನು ಗೊತ್ತು ಎಂದುಕೊಂಡ. ವೈಫೈ ಆರಿಸಿ ಹಾಕಿದ. ತಂತಿ ಬದಲಾಯಿಸಿದ. ಪಾಸ್‌ವರ್ಡ್ ಬದಲಾಯಿಸಿದ. ಪೆಟ್ಟಿಗೆಯ ಸಾಫ್ಟ್‌ವೇರನ್ನು ಹೊಸದಾಗಿ ಹಾಕಿದ. ಹೆಸರುಗಳ ಪಟ್ಟಿಯನ್ನು ಮತ್ತೆ ಮೊದಲಿಂದ ಕಟ್ಟು ಎಂದು ಅದಕ್ಕೆ ಹೇಳಿದ.

ಪೆಟ್ಟಿಗೆ ಒಳಗೆಲ್ಲ ಹುಡುಕಿತು. ಅದಕ್ಕೆ ಏನೂ ಸಿಗಲಿಲ್ಲ. ಇದ್ದ ಹೆಸರುಗಳನ್ನೂ ಅಳಿಸಿಹಾಕಿತು.

ಮಧ್ಯಾಹ್ನದ ಹೊತ್ತಿಗೆ ಅವನು ಮತ್ತೆ ಗುರುಗಳ ಮುಂದೆ ನಿಂತಿದ್ದ.

“ಎಲ್ಲಾ ಹೋಯ್ತು ಬುದ್ಧಿ. ಪಟ್ಟಿ ಖಾಲಿ. ಒಂದು ಹೆಸರೂ ಇಲ್ಲ.”

“ಏನು ಮಾಡಿದೆ?”

ಹೇಳಿದ.

“ಇಷ್ಟರಲ್ಲಿ ಯಾವುದರಿಂದ ಹೋಯ್ತು?”

“ಗೊತ್ತಿಲ್ಲ.”

“ಒಂದೊಂದಾಗಿ ಮಾಡಿದ್ದರೆ?”

ಜಗಲಿಯ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿತ್ತು. ಅಂದಂದು ಯಾರ್ಯಾರಿಗೆ ಯಾವ ಕೆಲಸ ಎಂದು ಅದರ ಮೇಲೆ ಬರೆಯುತ್ತಿದ್ದರು. ನಿರ್ವಾಣಯ್ಯನವರು ಎದ್ದು, ‘ಅಡುಗೆ: ಚೆನ್ನಾಜಮ್ಮ’ ಎಂಬ ಸಾಲನ್ನು ಅಂಗೈಯಿಂದ ಒರೆಸಿದರು.

“ಈಗ ಚೆನ್ನಾಜಮ್ಮ ಎಲ್ಲಿ ಹೋದರು?”

ಅಡುಗೆಮನೆಯಿಂದ ಸಾಸಿವೆ ಚಟಪಟ ಸಿಡಿಯುವ ಸದ್ದು ಬಂತು. ಹಿಂದೆಯೇ ಕರಿಬೇವಿನ ಪರಿಮಳ. ಅದರ ಹಿಂದೆ ಚೆನ್ನಾಜಮ್ಮನ ದನಿ:

“ಎಲೆ ಹಾಕಿದ್ದಾಯ್ತು! ಬರೋರು ಬನ್ನಿ, ಆಮೇಲೆ ಆರಿಹೋಯ್ತು ಅನ್ನಬೇಡಿ!”

“ಊಟ ಮಾಡು,” ಎಂದರು ಗುರುಗಳು. “ಆಮೇಲೆ ಪೆಟ್ಟಿಗೆ ಏನು ಹೇಳ್ತಾ ಇದೆ ಅಂತ ಓದು. ಓದೋವರೆಗೆ ಕೈ ಬೆನ್ನ ಹಿಂದೆ ಇರಲಿ.”

ಊಟದ ನಂತರ ಪಂಚಾಕ್ಷರಿ ಗದ್ದುಗೆಯ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ. ಪರದೆಯ ಮೇಲೆ ಒಂದು ಪ್ರಶ್ನೆ ಬಂದಿತ್ತು. ಅವನು ಈ ಸಲ ಓದಿದ. ಡಿಸ್ಕ್ ಬಳಸಲು ಸಿದ್ಧವಿಲ್ಲ, ಸಿದ್ಧಪಡಿಸಲೇ ಎಂದು ಪೆಟ್ಟಿಗೆ ಕೇಳುತ್ತಿತ್ತು. ಕೆಳಗೆ ಹಸಿರು ಬಣ್ಣದ ಗುಂಡಿ.

ಅವನ ಬೆರಳು ಅದರತ್ತ ಹೋಯಿತು.

“ಒತ್ತಿದರೆ ಏನಾಗುತ್ತೆ?”

ಗುರುಗಳು ಬಾಗಿಲಲ್ಲಿ ನಿಂತಿದ್ದರು.

“ಪೆಟ್ಟಿಗೆ ಸರಿಹೋಗುತ್ತೆ, ಬುದ್ಧಿ. ಕೆಂಪಕ್ಷರ ಹೋಗುತ್ತೆ.”

“ಒಳಗಿರೋದು?”

ಪಂಚಾಕ್ಷರಿ ಗುಂಡಿಯನ್ನೇ ನೋಡಿದ. ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಆ ಹೊತ್ತಿನಲ್ಲಿ ನೆನೆಯಲು ಅವನಿಗೆ ಇಷ್ಟವಿರಲಿಲ್ಲ.

“ಅಳಿಸಿಹೋಗುತ್ತೆ.”

“ನಿನಗೆ ಕೆಂಪಕ್ಷರ ಹೋದರೆ ಸಾಕಾ?”

ಅವನು ಬೆರಳನ್ನು ಹಿಂದಕ್ಕೆ ಎಳೆದುಕೊಂಡ.

ಗುರುಗಳು ಒಳಗೆ ಬಂದು ಕೂತರು.

“ಇದು ಇವತ್ತೇ ಮೊದಲು ಮಾತಾಡಿದ್ದಾ?”

“ಅಂದರೆ?”

“ಕಾಯಿಲೆ ಬಿದ್ದೋರು ಮುಂಚೆಯೇ ನರಳ್ತಾರೆ.”

ಪಂಚಾಕ್ಷರಿ ಯೋಚಿಸಿದ.

“ಕಾರ್ತೀಕದಲ್ಲಿ ಒಂದು ದಿನ ಕೂಗಿಕೊಳ್ತು ಬುದ್ಧಿ. ಪೀಂ ಪೀಂ ಅಂತ. ತಾವೆಲ್ಲ ಧ್ಯಾನಕ್ಕೆ ಕೂತಿದ್ರಿ. ತೊಂದರೆಯಾಗುತ್ತೆ ಅಂತ ಅದರ ಸದ್ದು ನಿಲ್ಲಿಸಿದೆ.”

“ಯಾಕೆ ಕೂಗ್ತು ಅಂತ ನೋಡಿದೆಯಾ?”

“ಸದ್ದು ನಿಂತಿತಲ್ಲ, ಸರಿಹೋಯ್ತು ಅಂದುಕೊಂಡೆ.”

“ಕೂಗೋಕೆ ಆಗದೆ ಇದ್ದಾಗ ಅದು ಬೇರೆ ಹೇಗೂ ಹೇಳಲ್ವಾ?”

“ಮುಂದುಗಡೆ ದೀಪ ಇದೆ. ಕೆಂಪಾಗುತ್ತೆ.”

“ಆಗಿತ್ತಾ?”

ಪಂಚಾಕ್ಷರಿ ರೇಷ್ಮೆಯ ಶಲ್ಯವನ್ನು ನೋಡಿದ. ಅದು ಪೆಟ್ಟಿಗೆಯ ಮುಂಭಾಗದ ಮೇಲೆ ನೆಲದವರೆಗೂ ಇಳಿಬಿದ್ದಿತ್ತು.

ಗುರುಗಳು ಶಲ್ಯವನ್ನು ತೆಗೆದರು. ದೀಪ ಕೆಂಪಗೆ ಉರಿಯುತ್ತಿತ್ತು. ಅವರು ಅದರ ಬಗ್ಗೆ ಏನೂ ಹೇಳಲಿಲ್ಲ. ಶಲ್ಯವನ್ನು ಕೊಡವಿ ಪಂಚಾಕ್ಷರಿಯ ತಲೆಯ ಮೇಲಿಂದ ಹೊದಿಸಿ, ಸುತ್ತಿ, ಗಂಟು ಹಾಕಿದರು.

“ಬುದ್ಧಿ?”

“ಕೂತ್ಕೋ.”

ಧೂಪದ ಬಟ್ಟಲನ್ನು ಅವನ ಮುಂದಿಟ್ಟು ಊದಿದರು. ಕಿಟಕಿ ಹಾಕಿದರು. ಹೊರಗೆ ಹೋಗಿ ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ಕೂತರು.

ಬಿಸಿಲ ಹೊತ್ತು. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು. ಚೆನ್ನಾಜಮ್ಮ ಸೆರಗಿಗೆ ಕೈ ಒರೆಸುತ್ತ ಬಂದರು.

“ಏನು ಬುದ್ಧಿ, ಮರಿದೇವ್ರನ್ನ ಹೊಗೆಗೆ ಹಾಕಿದ್ದೀರಾ? ಬಾಳೆಗೊನೆ ಅಂದುಕೊಂಡ್ರಾ?”

ಗುರುಗಳು ಬಾಗಿಲು ತೆರೆದರು. ಪಂಚಾಕ್ಷರಿಯ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಬೆವರಿಗೆ ರೇಷ್ಮೆ ಮೈಗೆ ಅಂಟಿತ್ತು.

“ಹೇಗಿದೆ?”

“ಉಸಿರು ಕಟ್ಟುತ್ತೆ, ಬುದ್ಧಿ.”

“ಉಸಿರು ಕಟ್ಟೋದಲ್ಲಪ್ಪ ಅದು. ಮರ್ಯಾದೆ.”

ಪಂಚಾಕ್ಷರಿ ಗಂಟು ಬಿಚ್ಚಿಕೊಂಡು ಪೆಟ್ಟಿಗೆಯ ಹತ್ತಿರ ಹೋದ. ಮುಟ್ಟಿದ. ಕಾದ ಬಾಣಲೆಯ ಹಾಗಿತ್ತು. ವಿದ್ಯುತ್ ತೆಗೆದು, ಹಿಂದಿನ ಮುಚ್ಚಳ ಬಿಚ್ಚಿದ. ಗಾಳಿ ಹೋಗುವ ಕಿಂಡಿಗಳಲ್ಲಿ ಧೂಪದ ಮಸಿ ಮೇಣದಂತೆ ಕಟ್ಟಿಕೊಂಡಿತ್ತು. ಅದರ ಮೇಲೆ ವಿಭೂತಿ ಒಂದು ಪದರ. ಒಳಗಿನ ಪುಟ್ಟ ಫ್ಯಾನಿನ ರೆಕ್ಕೆಗಳು ಅಲುಗಾಡದಂತೆ ಹಿಡಿದುಕೊಂಡಿದ್ದವು. ಬೆರಳಿನಿಂದ ತಳ್ಳಿದರೂ ತಿರುಗಲಿಲ್ಲ.

ಒಂದು ಡಿಸ್ಕ್ ಕಾರ್ತೀಕದಲ್ಲೇ ಸತ್ತಿತ್ತು. ಪೆಟ್ಟಿಗೆ ಕೂಗಿದ್ದು ಅದಕ್ಕೇ. ಅಂದಿನಿಂದ ಇನ್ನೊಂದು ಒಂಟಿಯಾಗಿ, ಬೆಂಕಿಯಂಥ ಬಿಸಿಯಲ್ಲಿ, ಇಬ್ಬರ ಕೆಲಸ ಮಾಡಿತ್ತು. ಈಗ ಅದೂ ಏಳಲಾರದೆ ಬಿದ್ದಿತ್ತು.

ಪಂಚಾಕ್ಷರಿ ಅಲ್ಲೇ ಕುಸಿದು ಕೂತ.

“ನಾನೇ ಕೊಂದೆ, ಬುದ್ಧಿ. ಕ್ಯಾಸೆಟ್ಟೂ ಹೊಳೆಗೆ ಬಿಟ್ಟೆ. ದೊಡ್ಡ ಬುದ್ಧಿಯವರ ಧ್ವನಿ ಇನ್ನೆಲ್ಲೂ ಇಲ್ಲ.”

“ಅಳೋದು ಆಮೇಲೆ,” ಎಂದರು ಗುರುಗಳು. “ಬಿಸಿಯಾಗಿರೋದು ಆರುತ್ತಾ, ಇಲ್ವಾ?”

ಡಿಸ್ಕನ್ನು ಹೊರತೆಗೆದು ಹೊಳೆಯ ಕಡೆಯ ಜಗಲಿಗೆ ತಂದರು. ಅಲ್ಲಿ ಗಾಳಿ ಚೆನ್ನಾಗಿ ಬೀಸುತ್ತಿತ್ತು. ಪಂಚಾಕ್ಷರಿ ತೆಪ್ಪದಲ್ಲಿ ಹೊಳೆ ದಾಟಿ ಪೇಟೆಗೆ ಹೋಗಿ ಹೊಸ ಡಿಸ್ಕನ್ನೂ, ಹಳೆಯದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ತಂತಿಯನ್ನೂ ತಂದ. ಹಿಂತಿರುಗಿ ಬಂದಾಗ ಸಂಜೆ. ಜೋಡಿಸಲು ಹೊರಟವನನ್ನು ಗುರುಗಳು ತಡೆದರು.

“ದಣಿದಿದೆ. ಇವತ್ತು ಮಲಗಲಿ. ನೀನೂ ಮಲಗು.”

ಮರುದಿನ ಹೊತ್ತು ಮೂಡಿದ ಮೇಲೆ ಜೋಡಿಸಿದ. ತಣ್ಣಗಾಗಿದ್ದ ಡಿಸ್ಕ್ ಗುರುಗುಟ್ಟಿ ತಿರುಗಿತು. ಪರದೆಯ ಮೇಲೆ ಒಂದೊಂದಾಗಿ ಫೈಲುಗಳು ಕಂಡವು.

“ಬುದ್ಧಿ, ಎಲ್ಲಾ ಇವೆ! ಎಲ್ಲಾ ಇವೆ!”

“ಎಷ್ಟು ಹೊತ್ತು ಇರ್ತವೆ?”

“ಹೇಳೋಕಾಗಲ್ಲ. ಬಿಸಿಯಾದರೆ ಮತ್ತೆ ನಿಲ್ಲುತ್ತೆ. ನಿಂತರೆ ಮತ್ತೆ ಏಳುತ್ತೋ ಇಲ್ವೋ.”

“ಹಾಗಾದ್ರೆ ಯಾವುದನ್ನ ಮೊದಲು ತೆಗೀತೀಯ?”

ಪಂಚಾಕ್ಷರಿ ಯೋಚಿಸಲೇ ಇಲ್ಲ.

“ಕೊನೆಯ ನುಡಿ.”

ಗುರುಗಳು ಒಳಗಿನಿಂದ ಬೀಸಣಿಗೆ ತಂದು ಡಿಸ್ಕಿನ ಪಕ್ಕ ಕೂತು ಬೀಸತೊಡಗಿದರು.

ಕಾಪಿ ಶುರುವಾಯಿತು. ಎಷ್ಟಾಯಿತೆಂದು ಪರದೆಯ ಮೇಲೆ ತೋರಿಸುವ ಪಟ್ಟಿ ಸ್ವಲ್ಪ ತುಂಬಿತು. ಅಲ್ಲೇ ನಿಂತಿತು. ಡಿಸ್ಕಿನೊಳಗೆ ಹಲ್ಲಿ ಲೊಚಗುಟ್ಟಿದಂಥ ಸದ್ದು. ಚೆನ್ನಾಜಮ್ಮ ಅಕ್ಕಿ ಆರಿಸುತ್ತಿದ್ದವರು ನೆಲ ತಟ್ಟಿ “ಶಿವ ಶಿವ” ಎಂದರು.

ಪಂಚಾಕ್ಷರಿ ಕಾದ. ಪಟ್ಟಿ ಅಲುಗಲಿಲ್ಲ. ಡಿಸ್ಕ್ ಬಿಸಿಯಾಯಿತು. ಪರದೆಯಿಂದ ಎಲ್ಲ ಫೈಲುಗಳೂ ಒಮ್ಮೆಗೇ ಮಾಯವಾದವು.

ಆರಿಸಿ, ತಣ್ಣಗಾಗಿಸಿ, ಮತ್ತೆ ಜೋಡಿಸಿದ. ಎದ್ದಿತು. ಮತ್ತೆ ಅದೇ ಫೈಲು. ಮತ್ತೆ ಅದೇ ಜಾಗದಲ್ಲಿ ನಿಂತಿತು. ಲೊಚಗುಟ್ಟುವ ಸದ್ದು ಈ ಸಲ ಜೋರಾಗಿತ್ತು.

“ಆ ಜಾಗ ಸುಟ್ಟುಹೋಗಿದೆ ಅನ್ನಿಸುತ್ತೆ, ಬುದ್ಧಿ. ಮತ್ತೆ ಮತ್ತೆ ಅದನ್ನೇ ಓದೋಕೆ ಹೋಗಿ ಸುಸ್ತಾಗ್ತಾ ಇದೆ.”

ಗುರುಗಳು ಬೀಸುತ್ತಿದ್ದರು.

“ಇನ್ನೊಂದು ಸಲ ನೋಡಿದರೆ ಬಂದರೂ ಬರಬಹುದು.”

ಗುರುಗಳು ಬೀಸುತ್ತಿದ್ದರು.

“ಬರದೆ ಡಿಸ್ಕೇ ಹೋದರೆ ಉಳಿದದ್ದೂ ಹೋಗುತ್ತೆ. ಏನು ಮಾಡಲಿ, ಬುದ್ಧಿ?”

“ನನ್ನ ಕೈಯಲ್ಲಿ ಇರೋದು ಬೀಸಣಿಗೆ.”

ಪಂಚಾಕ್ಷರಿ ಹೊಳೆಯನ್ನು ನೋಡಿದ. ಆಚೆ ದಡದಲ್ಲಿ ಯಾರೋ ದನ ತೊಳೆಯುತ್ತಿದ್ದರು.

“ಭಕ್ತರಿಗೆ ಮಾತು ಕೊಟ್ಟಿದ್ದೀನಿ. ಅವರೆಲ್ಲ ಅದಕ್ಕೋಸ್ಕರ ಬರ್ತಾರೆ.”

“ಭಕ್ತರು ಕೇಳಿದ್ರಾ? ನೀನೇ ಹೇಳಿದ್ದಾ?”

ಅವನು ಪರದೆಯತ್ತ ತಿರುಗಿ ಹೇಳಿದ:

“ನಾನೇ. ನನಗೇ ಬೇಕಾಗಿತ್ತು ಅದು. ತಾವೆಲ್ಲ ಅವರ ಕಾಲಿಗೆ ಬಿದ್ದೋರು. ಅವರ ಕೈಯಿಂದ ಪ್ರಸಾದ ತಗೊಂಡೋರು. ನಾನು ಬಂದಾಗ ಇಲ್ಲಿ ಗದ್ದುಗೆ ಇತ್ತು ಅಷ್ಟೇ. ಅವರ ಕೊನೇ ಮಾತಾದರೂ ನನ್ನ ಕೈಯಿಂದ ಹೊರಗೆ ಬರಲಿ ಅಂತ...”

ಚೆನ್ನಾಜಮ್ಮ ಮೊರ ಕೆಳಗಿಟ್ಟರು.

“ಅದೇನೋ ನನಗೆ ತಿಳಿಯಲ್ಲ ಮರಿದೇವ್ರೇ. ಅದರಲ್ಲಿ ಮಜ್ಜಿಗೆ ಮಾತು ಒಂದಿದೆ. ಅದನ್ನಾದರೂ ತೆಗೆದುಕೊಡಿ. ನನ್ನ ಗಂಡ ಸತ್ತ ವರ್ಷ ಅದನ್ನ ದಿನಾ ಕೇಳಿದ್ದೀನಿ.”

“ಯಾವುದು ಮಜ್ಜಿಗೆ ಮಾತು?”

“ಅಯ್ಯೋ! ನೀವೇ ಅಲ್ವಾ ತುಂಬಿಸಿದ್ದು?”

ಪಂಚಾಕ್ಷರಿಗೆ ಪ್ರತಿಯೊಂದರ ತಾರೀಖು ಗೊತ್ತಿತ್ತು. ಎಷ್ಟು ನಿಮಿಷ ಎಂದು ಗೊತ್ತಿತ್ತು. ಮಜ್ಜಿಗೆ ಯಾವುದರಲ್ಲಿದೆ ಎಂದು ಗೊತ್ತಿರಲಿಲ್ಲ.

ಅವನು ಡಿಸ್ಕನ್ನು ಮತ್ತೆ ತಣ್ಣಗಾಗಿಸಿದ. ಮತ್ತೆ ಜೋಡಿಸಿದ. ‘ಕೊನೆಯ ನುಡಿ’ ಎಂಬ ಹೆಸರಿನ ಮೇಲೆ ಅವನ ಕಣ್ಣು ನಿಂತಿತು. ಬೆರಳೂ ನಿಂತಿತು. ಆಮೇಲೆ ಅದನ್ನು ಬಿಟ್ಟು, ಅದರ ಹಿಂದಿನದನ್ನು ಆರಿಸಿಕೊಂಡ.

ಪಟ್ಟಿ ತುಂಬುತ್ತ ಹೋಯಿತು. ಪೂರ್ತಿ ತುಂಬಿತು.

“ಒಂದು ಬಂತು, ಬುದ್ಧಿ.”

“ಬಂದಿದೆ ಅಂತ ಹೇಗೆ ಗೊತ್ತು?”

“ಪಟ್ಟಿ ತುಂಬಿತು.”

“ಕೇಳಿ ನೋಡು.”

ಪಂಚಾಕ್ಷರಿ ಅನುಮಾನಿಸಿದ. ಆಮೇಲೆ ಹೊಸ ಡಿಸ್ಕಿನಲ್ಲಿದ್ದದ್ದನ್ನು ಮುಟ್ಟಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ.

ಮೊದಲು ಒಂದು ಕೆಮ್ಮು. ಆಮೇಲೆ ಯಾರನ್ನೋ ಗದರುವ ದನಿ: ಕಿಟಕಿ ತೆಗಿಯಯ್ಯಾ, ಸೆಕೆ. ಯಾವುದೋ ಪಾತ್ರೆ ಉರುಳಿದ ಸದ್ದು. ಕಾಫಿ ಬೇಕೇ ಎಂದು ಕೇಳುವ ಎಳೆ ಹೆಂಗಸಿನ ದನಿ. ಅದು ಚೆನ್ನಾಜಮ್ಮನದು. ಸಕ್ಕರೆ ಹಾಕಿದರೆ ಬೇಡ ಎಂದು ದೊಡ್ಡ ಬುದ್ಧಿಯವರು ಹೇಳಿದರು. ಎಲ್ಲರೂ ನಕ್ಕರು. ಅವರೂ ನಕ್ಕರು. ಆಮೇಲೆ ನಿಧಾನವಾಗಿ, ಪಕ್ಕದಲ್ಲಿ ಕೂತವನ ಜೊತೆ ಮಾತಾಡುವ ಹಾಗೆ, ಮಾತು ಶುರುಮಾಡಿದರು.

ಪಂಚಾಕ್ಷರಿ ಅಲುಗಾಡದೆ ಕೂತ.

“ಚೆನ್ನಾಗಿದೆಯಾ?” ಎಂದರು ಗುರುಗಳು.

“ಹೂಂ.”

“ಎಂಜಲಾಯ್ತಾ?”

ಪಂಚಾಕ್ಷರಿಗೆ ನಗು ಬಂತು. ಕಣ್ಣೂ ತುಂಬಿತು.

ಅಂದು ಇಡೀ ದಿನ ಹಾಗೆಯೇ ನಡೆಯಿತು. ಒಂದನ್ನು ತೆಗೆಯುವುದು, ಕೇಳಿ ನೋಡುವುದು, ಡಿಸ್ಕ್ ಬಿಸಿಯಾದರೆ ಆರಿಸುವುದು, ತಣ್ಣಗಾಗುವವರೆಗೆ ಸುಮ್ಮನೆ ಕೂರುವುದು. ಬೀಸಣಿಗೆ ಕೈಯಿಂದ ಕೈಗೆ ಹೋಯಿತು. ಚೆನ್ನಾಜಮ್ಮ ಬೀಸುವಾಗ “ನಮ್ಮತ್ತೆಗೂ ಇಷ್ಟು ಸೇವೆ ಮಾಡಿರಲಿಲ್ಲ” ಎಂದರು. ಮಜ್ಜಿಗೆಯ ಮಾತು ಮಧ್ಯಾಹ್ನ ಸಿಕ್ಕಿತು. ಅದು ಸ್ಪೀಕರಿನಲ್ಲಿ ಬಂದಾಗ ಅವರು ಬೀಸುವುದನ್ನು ನಿಲ್ಲಿಸಲಿಲ್ಲ. ಮುಖವನ್ನು ಮಾತ್ರ ಹೊಳೆಯ ಕಡೆ ತಿರುಗಿಸಿಕೊಂಡರು.

ಹೊತ್ತು ಇಳಿಯುವಾಗ ಬಹುಪಾಲು ಹೊಸ ಡಿಸ್ಕಿಗೆ ಬಂದಿತ್ತು. ಸ್ವಲ್ಪ ಉಳಿದಿತ್ತು. ಹಳೆಯ ಡಿಸ್ಕ್ ಒಮ್ಮೆ ಕಿರ್ರೆಂದು ನಿಂತಿತು. ತಣ್ಣಗಾದ ಮೇಲೂ ಏಳಲಿಲ್ಲ. ಎಷ್ಟು ಬೀಸಿದರೂ ಏಳಲಿಲ್ಲ.

ಕೊನೆಯ ನುಡಿ ಅದರೊಳಗೇ ಉಳಿಯಿತು.

ಮರುದಿನ ಪಂಚಾಕ್ಷರಿ ಪೆಟ್ಟಿಗೆಯ ಮಸಿ ಕೆರೆದು, ಫ್ಯಾನು ಬದಲಾಯಿಸಿದ. ಅದನ್ನು ಜಗಲಿಯ ಕಿಟಕಿಯ ಪಕ್ಕ ಇಟ್ಟ. ಮೇಲೆ ಏನನ್ನೂ ಹೊದಿಸಲಿಲ್ಲ. ಹೊಸ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಬೇರೆ ಎರಡು ಡಿಸ್ಕುಗಳಿಗೆ ಕಾಪಿ ಮಾಡಿ, ಒಂದನ್ನು ತೆಪ್ಪದಲ್ಲಿ ಆಚೆ ದಡದ ಶಾಲೆಗೆ ಕಳಿಸಿದ. ಪೀಂ ಪೀಂ ಸದ್ದನ್ನು ಮತ್ತೆ ಚಾಲೂ ಮಾಡಿದ.

“ಧ್ಯಾನದಲ್ಲಿ ಕೂಗಿದರೆ?” ಎಂದು ಚೆನ್ನಾಜಮ್ಮ ಕೇಳಿದರು.

“ಏಳ್ತೀನಿ,” ಎಂದ.

ಪುಣ್ಯಾರಾಧನೆಯ ದಿನ ಪಡಸಾಲೆ ತುಂಬಿತ್ತು. ಮುಂದಿನ ಸಾಲಿನಲ್ಲಿ ರೇವಣ್ಣ ಮೇಷ್ಟ್ರು ಕೂತಿದ್ದರು. ಅವರು ದೊಡ್ಡ ಬುದ್ಧಿಯವರ ಹಳೆಯ ಶಿಷ್ಯರು, ಈಗ ಕಿವಿ ಸ್ವಲ್ಪ ಮಂದ. ಕೊನೆಯ ನುಡಿ ಕೇಳಬೇಕೆಂದು ಮೊಮ್ಮಗಳ ಕೈ ಹಿಡಿದು ಬಂದಿದ್ದರು.

ಪಂಚಾಕ್ಷರಿ ಎದ್ದು ನಿಂತ. ಗುರುಗಳ ಕಡೆ ನೋಡಿದ. ಅವರು ಕಣ್ಣು ಮುಚ್ಚಿದ್ದರು.

“ಕೊನೆಯ ನುಡಿ ಕೇಳಿಸ್ತೀನಿ ಅಂತ ಹೇಳಿದ್ದೆ. ಅದು ಇಲ್ಲ. ಹೋಯ್ತು.”

“ಏನಂದ್ರಿ?” ಎಂದರು ಮೇಷ್ಟ್ರು, ಕಿವಿಗೆ ಕೈ ಕೊಟ್ಟು.

ಪಂಚಾಕ್ಷರಿ ದನಿ ಎತ್ತರಿಸಬೇಕಾಯಿತು.

“ಹೋಯ್ತು ಮೇಷ್ಟ್ರೇ! ನನ್ನಿಂದಲೇ ಹೋಯ್ತು!”

ಪಡಸಾಲೆಯಲ್ಲಿ ಗುಸುಗುಸು ಎದ್ದಿತು. ಹಿಂದಿನಿಂದ ಯಾರೋ “ಇದಕ್ಕೇನಾ ಬಸ್ಸು ಹತ್ತಿ ಬಂದಿದ್ದು” ಎಂದರು. ಮೇಷ್ಟ್ರು ಕಿವಿಯಿಂದ ಕೈ ತೆಗೆದರು.

“ಬೇರೆ ಯಾವುದಾದ್ರೂ ಉಳಿದಿದೆಯಾ?”

“ಇವೆ. ಯಾವುದು ಬೇಕು ಹೇಳಿ. ಈಗ ನನಗೆ ಗೊತ್ತು.”

“ಬೀಗರ ಜಗಳದ್ದು?”

“ಇದೆ.”

“ಹಾಕು ಮತ್ತೆ. ಜೋರಾಗಿ ಹಾಕು.”

ಪಂಚಾಕ್ಷರಿ ಹಾಕಿದ. ಹಾಕಿ, ಬೇರೆಲ್ಲೂ ಹೋಗದೆ, ಎಲ್ಲರ ನಡುವೆ ನೆಲದ ಮೇಲೆ ಕೂತ.

ಸಂಜೆ ಭಕ್ತರೆಲ್ಲ ಹೊರಟರು. ನಿರ್ವಾಣಯ್ಯನವರು ಮೆಟ್ಟಿಲಿಳಿದು ನೀರಿನಲ್ಲಿ ಕಾಲು ಬಿಟ್ಟು ಕೂತಿದ್ದರು. ಪಂಚಾಕ್ಷರಿ ಅವರ ಪಕ್ಕ ಬಂದು ಕೂತ.

“ಬುದ್ಧಿ, ಒಂದು ಕೇಳಲಾ?”

“ಕೇಳು.”

“ಆ ಕೊನೇ ದಿನ ದೊಡ್ಡ ಬುದ್ಧಿಯವರ ಹತ್ತಿರ ಯಾರಿದ್ದರು?”

“ನಾನಿದ್ದೆ.”

“ರೆಕಾರ್ಡರಿಗೆ ಕ್ಯಾಸೆಟ್ಟು ಹಾಕಿದ್ದು?”

“ನಾನೇ.”

ಪಂಚಾಕ್ಷರಿ ಅವರ ಕಡೆಗೆ ತಿರುಗಿ ಕೂತ.

“ಹಾಗಾದರೆ ಅದರಲ್ಲಿ ಏನಿತ್ತು ಅಂತ ತಮಗೆ ಗೊತ್ತು. ಕೊನೆಗೆ ಅವರು ಏನು ಹೇಳಿದರು, ಬುದ್ಧಿ?”

ನಿರ್ವಾಣಯ್ಯನವರು ನೀರಿನಿಂದ ಕಾಲು ತೆಗೆದರು.

“ಅದನ್ನ ಆರಿಸಿ ಹತ್ತಿರ ಬಾ ಅಂದರು. ಆರಿಸಿ, ಹತ್ತಿರ ಹೋದೆ.”